ಸಹಾಯ ಬೇಕು: ಬುಲೆಟ್ ತೂಕ ಮತ್ತ ಬ್ಯಾರಲ್ ಟ್ವಿಸ್ಟ್ ಲೆಕ್ಕ
ಎಲ್ಲಾರಿಗೂ ನಮಸ್ಕಾರ್ರಿ, ನಾ ಹುಬ್ಬಳ್ಳಿಯಾಗ ಪಿಯು ಹುಡುಗ್ರಿಗೆ ಫಿಸಿಕ್ಸ್ ಕಲಸ್ತೀನಿ, ನನ್ನ ತಮ್ಮ ಟೆಕ್ಸಾಸ್‌ನಾಗ ಅದಾನ, ಅಲ್ಲಿ ಲೈಸೆನ್ಸ್ ರೇಂಜ್‌ನಾಗ ಶೂಟಿಂಗ್ ಮಾಡ್ತಾನ, ಕಾಡತೂಸ ತಾನ ಮನ್ಯಾಗ ಲೋಡ್ ಮಾಡ್ಕೋತಾನ. ಅವಂದು ಹಳೇ 223 ರೈಫಲ್, 55 ಗ್ರೇನ್ (ಗ್ರೇನ್ ಅಂದ್ರ ಬುಲೆಟ್ ತೂಕದ ಅಳತಿ) ಬುಲೆಟ್ ಛಲೋ ಗುಂಪು ಕೊಡ್ತಿತ್ತು, ಅಂದ್ರ ತೂತು ಎಲ್ಲಾ ಹತ್ರ ಹತ್ರ ಬೀಳ್ತಿದ್ವು, ಹೋದ ವಾರ 77 ಗ್ರೇನ್ ಹಾಕ್ಯಾನ, ಟಾರ್ಗೆಟ್ ಫೋಟೋ ಕಳಿಸಿದ್ದ ನೋಡಿದ್ರ ತೂತು ದುಂಡಗಿಲ್ಲ, ಕೀಲಿಕೈ ತೂತಿನಂಗ ಉದ್ದಕ ಹರದಾವು, ಅಂದ್ರ ಬುಲೆಟ್ ಅಡ್ಡ ಬಿದ್ದು ಹೊಡದೈತಿ. ರಾಡಿಗೆ ಬಿಗಿ ಬಟ್ಟಿ ಸುತ್ತಿ ಗುರುತು ಹಾಕಿ ಬ್ಯಾರಲ್‌ನಾಗ ತೂರ್ಸಿ ನೋಡು ಅಂದೆ, ಬುಲೆಟ್ ತಿರುಗ್ಸೋ ಒಳಗಿನ ಸುರುಳಿ ಗೀರು (ಟ್ವಿಸ್ಟ್) ಒಂದ ಸುತ್ತಿಗೆ 12 ಇಂಚು ಬಂತು.

ನಂಗ ತಿಳದಷ್ಟು, ತೂಕಕ್ಕಿಂತ ಉದ್ದನ ಮುಖ್ಯ, ಉದ್ದ ಬುಲೆಟ್‌ಗೆ ಜಾಸ್ತಿ ತಿರುಗು ಬೇಕು, ಬುಗರಿ ಸುತ್ತು ಕಮ್ಮಿ ಆದ್ರ ತೂರಾಡ್ತದಲ್ಲ ಹಂಗ. ಒಂದ ಸುತ್ತು ಎಷ್ಟು ಇಂಚಿನಾಗ ಆಗ್ಬೇಕು ಅಂತ 1879ರ ಗ್ರೀನ್‌ಹಿಲ್ ಸೂತ್ರ ಹಿಡದು ಲೆಕ್ಕ ಹಾಕಿದೆ: 150 ಗುಣಿಸು ವ್ಯಾಸದ ವರ್ಗ, ಭಾಗಿಸು ಉದ್ದ. ವ್ಯಾಸ 0.224 ಇಂಚು, 77 ಗ್ರೇನಿಂದು ಉದ್ದ ಸುಮಾರು 1 ಇಂಚು, ಉತ್ತರ 7.5 ಇಂಚು. ಆದ್ರ 0.74 ಇಂಚಿನ 55 ಗ್ರೇನಿಗೂ 10.2 ಬರ್ತದ, ಅದು 12ರಾಗ ಸರಿ ಹೊಂಟೈತಲ್ರಿ! ವೇಗ ಸೆಕೆಂಡಿಗೆ 2800 ಅಡಿ ದಾಟಿದ್ರ 150 ಬದ್ಲಿ 180 ಹಾಕ್ಬೇಕಂತ, ಆವಾಗ 12.2 ಬರ್ತದ, 77ಕ್ಕ 9.

ಈಗ ಭಾರೀ ಬುಲೆಟ್ ನಿಧಾನ ಹೊಂಡೋದ್ರಿಂದ 150 ಹಿಡಿಲೋ 180ನೋ? ಒಂದ ಸುತ್ತಿಗೆ 8 ಇಂಚು ಇರೋ ಬ್ಯಾರಲ್ ತಗೋ ಅನ್ಲೋ, ಇಲ್ಲಾ 55ಕ್ಕ ವಾಪಸ್ ಹೋಗು ಅನ್ಲೋ? ಸೈನ್ಯದಾಗ ಇದ್ದವ್ರು, ಬ್ಯಾಲಿಸ್ಟಿಕ್ಸ್ ಓದಿದವ್ರು ದಯವಿಟ್ಟು ಹೇಳ್ರಿ, ಅಲ್ಲೀತನಕ 77 ಮುಟ್ಟಬ್ಯಾಡ ಅಂತ ಅವಂಗ ಹೇಳೀನಿ.