‘ತ್ಯಜೇದೇಕಂ ಕುಲಸ್ಯಾರ್ಥೇ’: ನಾಲ್ಕನೇ ಪಾದವನ್ನು ಹೇಗೆ ವಿವರಿಸುವುದು?

ಗಮಕಪ್ರಿಯ:
ವಿದುರನೀತಿ (ಮಹಾಭಾರತದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುವ ನೀತಿ) ಬಗ್ಗೆ ಅರ್ಧ ಗಂಟೆಯ ಉಪನ್ಯಾಸಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ.

ತ್ಯಜೇದೇಕಂ ಕುಲಸ್ಯಾರ್ಥೇ ಗ್ರಾಮಸ್ಯಾರ್ಥೇ ಕುಲಂ ತ್ಯಜೇತ್ |
ಗ್ರಾಮಂ ಜನಪದಸ್ಯಾರ್ಥೇ ಆತ್ಮಾರ್ಥೇ ಪೃಥಿವೀಂ ತ್ಯಜೇತ್ ||

ಕುಲಕ್ಕಾಗಿ ಒಬ್ಬನನ್ನು, ಊರಿಗಾಗಿ ಕುಲವನ್ನು, ನಾಡಿಗಾಗಿ ಊರನ್ನು ಬಿಡಬೇಕು. ಇಲ್ಲಿಯವರೆಗೆ ಸರಿ. ಆಮೇಲೆ ಇದ್ದಕ್ಕಿದ್ದಂತೆ ‘ತನಗಾಗಿ ಭೂಮಿಯನ್ನೇ ಬಿಡಬೇಕು’ ಅಂದರೆ ಹೇಗೆ? ಕೆಲವರು ಇದನ್ನು ಚಾಣಕ್ಯನ ಶ್ಲೋಕ ಅನ್ನುತ್ತಾರೆ. ಬಲ್ಲವರು ತಿಳಿಸಿ.

ಓಲೆಗರಿ:
ಚಾಣಕ್ಯನೀತಿಯ ಮೂರನೇ ಅಧ್ಯಾಯದಲ್ಲಿದೆ, ನಿಜ. ಪಂಚತಂತ್ರ, ಹಿತೋಪದೇಶಗಳಲ್ಲೂ ಇದೆ. ಮಹಾಭಾರತದಲ್ಲಂತೂ ಹಲವು ಕಡೆ ಬರುತ್ತದೆ, ಕೆಳಗಿನ ಮೂರು ಕಡೆ ಕೇಳಿಸಿಕೊಳ್ಳುವವನು ಧೃತರಾಷ್ಟ್ರನೇ. ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿಯ ಅಧ್ಯಾಯಗಳ ಲೆಕ್ಕದಲ್ಲಿ:

ಆದಿಪರ್ವ 107: ದುರ್ಯೋಧನ ಹುಟ್ಟಿದಾಗ ಅಪಶಕುನಗಳಾಗುತ್ತವೆ. ‘ನೂರರಲ್ಲಿ ಒಂದು ಕಡಿಮೆಯಾದರೂ ಆಗಲಿ, ಇವನೊಬ್ಬನನ್ನು ಬಿಡು’ ಅನ್ನುವ ಸಲಹೆಯ ಜೊತೆಗೆ ಶ್ಲೋಕ ಬರುತ್ತದೆ.

ಸಭಾಪರ್ವ 55: ಜೂಜು ನಡೆಯುತ್ತಿರುವಾಗ ವಿದುರ ಹೇಳುವುದು. ಇಲ್ಲಿ ಅವನು ಇದು ತನ್ನ ಮಾತಲ್ಲ, ಜಂಭನೆಂಬ ಅಸುರನನ್ನು ಕೈಬಿಡಿ ಎಂದು ಶುಕ್ರಾಚಾರ್ಯರು ಅಸುರರಿಗೆ ಹೇಳಿದ್ದು ಅನ್ನುತ್ತಾನೆ. ಯಾದವರು ಕಂಸನನ್ನು ತೊರೆದದ್ದನ್ನೂ ನೆನಪಿಸುತ್ತಾನೆ. ಕಾಗೆ ಕೊಟ್ಟು ನವಿಲುಗಳನ್ನು ಕೊಂಡುಕೋ (ದುರ್ಯೋಧನನನ್ನು ಬಿಟ್ಟು ಪಾಂಡವರನ್ನು ಪಡೆದುಕೋ) ಅನ್ನುವ ಮಾತೂ ಇಲ್ಲೇ ಇದೆ.

ಉದ್ಯೋಗಪರ್ವ 37: ನಿಮಗೆ ಬೇಕಾದ ವಿದುರನೀತಿ ಇದು. ಇಲ್ಲಿ ಮೊದಲ ಪಾದ ‘ತ್ಯಜೇತ್ ಕುಲಾರ್ಥೇ ಪುರುಷಂ’ ಎಂದಿದೆ. ನೀವು ಬರೆದಿರುವುದು ಆದಿಪರ್ವದ, ಚಾಣಕ್ಯನೀತಿಯ ಪಾಠ. ವಿದುರನೀತಿ ಎಂದು ಹೇಳಿ ಅದನ್ನು ಓದಿದರೆ ಪುಸ್ತಕ ಹಿಡಿದು ಕೂತವರು ಸುಮ್ಮನಿರುವುದಿಲ್ಲ.

ಪದಚ್ಛೇದ:
ನಾಲ್ಕನೇ ಪಾದಕ್ಕೆ ‘ಆತ್ಮಜ್ಞಾನಕ್ಕಾಗಿ ಪ್ರಪಂಚವನ್ನೇ ತೊರೆ’ ಎಂಬ ಅರ್ಥ ಪ್ರವಚನಗಳಲ್ಲಿ ಚಾಲ್ತಿಯಲ್ಲಿದೆ. ಕೇಳಲು ಹಿತ, ಆದರೆ ಸಂದರ್ಭ ಅದಕ್ಕೆ ಒಪ್ಪುವುದಿಲ್ಲ. ಪಕ್ಕದ ‘ಆಪದರ್ಥಂ’ ಶ್ಲೋಕ ನೋಡಿ: ‘ಆಪತ್ತಿಗೆಂದು ಹಣ ಕಾಪಾಡಿಕೋ, ಹಣ ಕೊಟ್ಟಾದರೂ ಹೆಂಡತಿಯನ್ನು ಕಾಪಾಡು, ಇವೆರಡನ್ನೂ ಕೊಟ್ಟಾದರೂ ನಿನ್ನನ್ನು ಉಳಿಸಿಕೋ.’ ಮೋಕ್ಷದ ಸುಳಿವೇ ಇಲ್ಲ.

ಇನ್ನೂ ಗಟ್ಟಿ ಆಧಾರ ಮನುಸ್ಮೃತಿ 7.212. ಕ್ಷೇಮವಾದ, ಸದಾ ಬೆಳೆ ಕೊಡುವ, ದನಕರು ವೃದ್ಧಿಯಾಗುವ ನೆಲವನ್ನಾದರೂ ರಾಜ ತನ್ನ ರಕ್ಷಣೆಗಾಗಿ ಹಿಂದುಮುಂದು ನೋಡದೆ ಬಿಡಬೇಕು ಎನ್ನುತ್ತದೆ. ಅದರ ಮುಂದಿನದೇ (7.213) ಆ ‘ಆಪದರ್ಥಂ’ ಶ್ಲೋಕ. ಎರಡು ಗ್ರಂಥಗಳಲ್ಲೂ ಒಂದೇ ಜೋಡಿ. ಹಾಗಾಗಿ ‘ಪೃಥಿವೀ’ ಎಂದರೆ ರಾಜ ಆಳುವ ನೆಲ. ದೊರೆ ಉಳಿದರೆ ಕಳೆದ ನೆಲವನ್ನು ಮತ್ತೆ ಗೆಲ್ಲಬಹುದು, ದೊರೆಯೇ ಹೋದರೆ ಅರಾಜಕ. ಇದು ಸ್ವಾರ್ಥದ ಉಪದೇಶವಲ್ಲ, ಸಂನ್ಯಾಸದ್ದೂ ಅಲ್ಲ. ಅಪ್ಪಟ ರಾಜನೀತಿ. ವೇದಾಂತದ ಅರ್ಥ ಹೇಳಲೇಬೇಕೆಂದರೆ ಅದು ಬೇರೆ ವ್ಯಾಖ್ಯಾನ ಎಂದು ಸ್ಪಷ್ಟಪಡಿಸಿ ಹೇಳಿ.

ಏಕಚಕ್ರ:
ಮೇಲಿನ ಇಬ್ಬರ ಮಾತೂ ಸರಿ. ಆದರೆ ಎಡವುವುದು ಮೊದಲ ಪಾದದಲ್ಲಿ. ದೊಡ್ಡವರ ಅನುಕೂಲಕ್ಕೆ ಚಿಕ್ಕವನನ್ನು ಬಲಿಕೊಡಬಹುದು ಅಂತ ಈ ಶ್ಲೋಕ ಎಸೆಯುವವರಿದ್ದಾರೆ. ವಿದುರ ಯಾರಿಗೆ ಹೇಳುತ್ತಿದ್ದಾನೆ? ಅಧಿಕಾರ ಕೈಯಲ್ಲಿರುವವನಿಗೆ. ಏನನ್ನು ಬಿಡು ಅನ್ನುತ್ತಿದ್ದಾನೆ? ಅವನ ಸ್ವಂತ ಮಗನನ್ನು, ಅದೂ ಕೇಡು ತರುವ ಮಗನನ್ನು. ಸಭಾಪರ್ವದಲ್ಲಿ ವಿದುರ ಕೇಳುವುದೂ ‘ಅರ್ಜುನನಿಗೆ ಅಪ್ಪಣೆ ಕೊಡು, ಸುಯೋಧನನನ್ನು (ದುರ್ಯೋಧನನನ್ನು) ಅವನು ನಿಗ್ರಹಿಸಲಿ’ ಎಂದು.

ಇದರ ಪಕ್ಕಕ್ಕೆ ಆದಿಪರ್ವದ ಬಕಾಸುರನ ಪ್ರಸಂಗ ಇಟ್ಟು ನೋಡಿ. ಊರು ಆ ರಾಕ್ಷಸನಿಗೆ ಕೊಡಬೇಕಾದದ್ದು ಗಾಡಿ ತುಂಬ ಅನ್ನ, ಎರಡು ಕೋಣ, ಒಯ್ದ ಮನುಷ್ಯ, ಮನೆಗೊಂದು ಸರದಿ. ಊರಿಗಾಗಿ ಒಬ್ಬ ಅನ್ನುವ ಲೆಕ್ಕ ಇಲ್ಲೂ ಕೂಡಿಬರುತ್ತದೆ, ಆದರೂ ಕಾವ್ಯ ಅದನ್ನು ಮೆಚ್ಚುವುದಿಲ್ಲ. ಈ ಗತಿ ಬಂದದ್ದು ರಾಜ ಅಸಮರ್ಥನಾದ್ದರಿಂದ ಎಂದು ಸರದಿ ಬಂದ ಮನೆಯ ಬ್ರಾಹ್ಮಣ (ಕುಂತಿ, ಪಾಂಡವರಿಗೆ ಆಶ್ರಯ ಕೊಟ್ಟವನು) ನೇರವಾಗಿ ಹೇಳುತ್ತಾನೆ. ಮನೆಯೊಳಗೆ ಗಂಡ, ಹೆಂಡತಿ, ಮಗಳು ತಾವೇ ಹೋಗುತ್ತೇವೆ ಅನ್ನುತ್ತಾರೆಯೇ ಹೊರತು ಇನ್ನೊಬ್ಬರನ್ನು ಮುಂದೆ ತಳ್ಳುವುದಿಲ್ಲ. ತೊದಲು ಮಾತಿನ ಮಗು ಹುಲ್ಲುಕಡ್ಡಿ ಹಿಡಿದು ‘ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ’ ಅನ್ನುತ್ತದೆ. ಕುಂತಿ ಭೀಮನನ್ನು ಕಳಿಸುತ್ತೇನೆ ಅಂದಾಗ, ನನ್ನ ಜೀವಕ್ಕಾಗಿ ಅತಿಥಿಯನ್ನು ಸಾಯಗೊಡಲಾರೆ ಎಂದು ಬ್ರಾಹ್ಮಣ ಮೊದಲು ಒಪ್ಪುವುದೇ ಇಲ್ಲ. ‘ನಿನ್ನನ್ನು ಉಳಿಸಿಕೋ’ ಎಂಬ ಆ ‘ಆಪದರ್ಥ’ ಶ್ಲೋಕ ಅದೇ ಬ್ರಾಹ್ಮಣನ ಹೆಂಡತಿಯ ಬಾಯಲ್ಲೂ ಬರುತ್ತದೆ, ತನ್ನನ್ನು ಕಳಿಸು ಎಂದು ಗಂಡನನ್ನು ಒಪ್ಪಿಸುವುದಕ್ಕೆ!

ಗಮಕಪ್ರಿಯ:
ಧನ್ಯವಾದ. ಅರ್ಧ ಗಂಟೆಯಲ್ಲಿ ಇಷ್ಟೂ ಹಿಡಿಸುವುದಿಲ್ಲ. ಯಾವುದನ್ನು ಬಿಡಲಿ? ಇನ್ನೊಂದು, ‘ಜನಪದಸ್ಯಾರ್ಥ ಆತ್ಮಾರ್ಥೇ’ ಎಂದು ಒಂದು ಪುಸ್ತಕದಲ್ಲಿದೆ. ಅಚ್ಚಿನ ತಪ್ಪೇ?

ಓಲೆಗರಿ:
ತಪ್ಪಲ್ಲ, ಅದು ಸಂಧಿ ಮಾಡಿದ ರೂಪ. ಎರಡರಲ್ಲೂ ಪಾದಕ್ಕೆ ಎಂಟೇ ಅಕ್ಷರ, ಅನುಷ್ಟುಪ್ ಛಂದಸ್ಸು ಕೆಡುವುದಿಲ್ಲ. ಸಭೆಯಲ್ಲಿ ಪಾದಕ್ಕೊಮ್ಮೆ ನಿಲ್ಲಿಸಿ ಓದುವುದಾದರೆ ‘ಅರ್ಥೇ’ ಎಂದೇ ಹೇಳಿ. ಬಿಡುವುದಾದರೆ ಪಂಚತಂತ್ರ, ಹಿತೋಪದೇಶ ಬಿಡಿ. ಸಭಾಪರ್ವದ ಸನ್ನಿವೇಶಕ್ಕೆ ಹತ್ತು ನಿಮಿಷ, ಮನುಸ್ಮೃತಿಗೆ ಐದು, ಉಳಿದದ್ದು ಬಕನ ಪ್ರಸಂಗಕ್ಕೆ.