ಪ್ರಶ್ನೋತ್ತರ: ವಿದೇಶಕ್ಕೆ ಹೊರಟವರು, ಹೋಗಿ ಬಂದವರು ಡಾಕ್ಟರನ್ನು ಕೇಳಿ

ನಿರ್ವಾಹಕಿ: ಎಲ್ಲರಿಗೂ ನಮಸ್ಕಾರ. ಪ್ರಯಾಣಿಕರ ಆರೋಗ್ಯ ನೋಡುವ ಡಾಕ್ಟರ್ ಮೇಡಂ ಇವತ್ತು ನಮ್ಮ ಜೊತೆ ಇದ್ದಾರೆ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಮೆಸೇಜ್ ದಯವಿಟ್ಟು ಬೇಡ.

ನೀಲಿ ಛತ್ರಿ: ನಮಸ್ಕಾರ ಮೇಡಂ. ಅಮ್ಮನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೋತಾರೆ. ಮೊದಲ ಸಲ ಉದ್ದದ ವಿಮಾನ ಪ್ರಯಾಣ. ಇನ್ಸುಲಿನನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿ ಕಳಿಸಬಹುದಾ?

ಡಾಕ್ಟರ್: ನಮಸ್ಕಾರ. ಬೇಡ. ವಿಮಾನದ ಕೆಳಗೆ ಹೋಗುವ ಸೂಟ್‌ಕೇಸಿನಲ್ಲಿ ಇನ್ಸುಲಿನ್ ಹೆಪ್ಪುಗಟ್ಟುವ ಸಾಧ್ಯತೆ ಇದೆ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೂ ಕೆಲಸಕ್ಕೆ ಬರುವುದಿಲ್ಲ. ಸೂಟ್‌ಕೇಸ್ ಬೇರೆ ಊರಿಗೆ ಹೋಗಿಬಿಟ್ಟರೆ ಇನ್ನೂ ಕಷ್ಟ. ಇನ್ಸುಲಿನ್, ಸೂಜಿ, ಗ್ಲುಕೋಮೀಟರ್, ಡಾಕ್ಟರ ಚೀಟಿ, ಸಕ್ಕರೆ ಇಳಿದರೆ ಬಾಯಿಗೆ ಹಾಕಲು ಗ್ಲೂಕೋಸ್, ಎಲ್ಲವೂ ಅಮ್ಮನ ಕೈಚೀಲದಲ್ಲೇ ಇರಲಿ. ಬೇಕಾದ್ದಕ್ಕಿಂತ ಜಾಸ್ತಿ ಇಟ್ಟುಕೊಳ್ಳಿ. ಪಶ್ಚಿಮದ ಕಡೆ ಹೋದರೆ ದಿನ ಉದ್ದ ಆಗುತ್ತದೆ, ಪೂರ್ವಕ್ಕೆ ಹೋದರೆ ಗಿಡ್ಡ. ಆ ದಿನ ಯಾವ ಹೊತ್ತಿಗೆ ಎಷ್ಟು ಚುಚ್ಚಬೇಕು ಅಂತ ಅವರನ್ನು ನೋಡುವ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಅಲೆಮಾರಿ: ಉಗಾಂಡಾಕ್ಕೆ ಹೊರಟಿದ್ದೇನೆ. ಹಳದಿ ಜ್ವರದ ಲಸಿಕೆ 2012ರಲ್ಲಿ ಹಾಕಿಸಿದ್ದು. ಕಾರ್ಡಿನ ಅವಧಿ ಮುಗಿದಿದೆ, ಮತ್ತೆ ಹಾಕಿಸಿ ಅಂತಾರೆ ಏಜೆಂಟ್.

ಡಾಕ್ಟರ್: ಅವಧಿ ಮುಗಿದಿಲ್ಲ. 2016ರ ಜುಲೈ 11ರಿಂದ ಆ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ. ಕಾರ್ಡಿನ ಮೇಲೆ ಹತ್ತು ವರ್ಷ ಅಂತ ಬರೆದಿದ್ದರೂ ಅಷ್ಟೇ. ಹೊಸದಾಗಿ ಹಾಕಿಸುವವರು ಅಲ್ಲಿಗೆ ತಲುಪುವ 10 ದಿನ ಮುಂಚೆಯಾದರೂ ಹಾಕಿಸಬೇಕು. 60 ದಾಟಿದವರು ಮೊದಲ ಸಲ ಹಾಕಿಸುವುದಾದರೆ ಮುಂಚೆ ಡಾಕ್ಟರ ಜೊತೆ ಮಾತಾಡಿ, ಅವರಲ್ಲಿ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ.

ನೆರಳು: ಮೇಡಂ, ಜೆಟ್ ಲ್ಯಾಗ್‌ಗೆ ಮೆಲಟೋನಿನ್ ಮಾತ್ರೆ ತಗೋಬಹುದಾ?

ಹಳೇ ಪಾಸ್‌ಪೋರ್ಟ್: ನನಗೊಂದು ಮೆಸೇಜ್ ಬಂದಿದೆ. "ಹೊರಡುವ ಮುಂಚೆ ಒಂದು ವಾರ ದಿನಾ ಬೆಳ್ಳುಳ್ಳಿ ಮತ್ತು ವಿಟಮಿನ್ ಬಿ-1 ತಗೊಳ್ಳಿ. ಸೊಳ್ಳೆ ಹತ್ತಿರ ಸುಳಿಯುವುದಿಲ್ಲ. ಮಲೇರಿಯಾ ಮಾತ್ರೆ ಬೇಕಿಲ್ಲ." ತುಂಬಾ ಉಪಯುಕ್ತ, ಎಲ್ಲರಿಗೂ ಹಂಚಿ.

ಡಾಕ್ಟರ್: ಹಂಚಬೇಡಿ. ಇವೆರಡನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ, ಸೊಳ್ಳೆ ಕಚ್ಚುವುದು ಕಡಿಮೆ ಆಗಲಿಲ್ಲ. ಡೀಟ್ ಅಥವಾ ಪಿಕಾರಿಡಿನ್ ಇರುವ ಕ್ರೀಮ್ ಹಚ್ಚಿ, ತುಂಬು ತೋಳಿನ ಬಟ್ಟೆ ಹಾಕಿ, ಸೊಳ್ಳೆ ಪರದೆಯೊಳಗೆ ಮಲಗಿ. ಮಲೇರಿಯಾ ಜಾಸ್ತಿ ಇರುವ ದೇಶವಾದರೆ ಇದರ ಜೊತೆಗೆ ಮಾತ್ರೆಯೂ ಬೇಕು.

ಕಿಟಕಿ ಸೀಟು: ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ವಿಮಾನ ಹತ್ತುವ ಮುಂಚೆ ಆಸ್ಪಿರಿನ್ ತಗೋಬೇಕಾ?

ಡಾಕ್ಟರ್: ಅದಕ್ಕಾಗಿ ನೀವಾಗಿಯೇ ತಗೋಬೇಡಿ. ಆಗಾಗ ಎದ್ದು ಓಡಾಡಿ, ಕೂತಲ್ಲೇ ಪಾದ ಆಡಿಸಿ. ಹಿಂದೆ ಹಾಗೆ ಆಗಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ, ನಿಮ್ಮ ಡಾಕ್ಟರನ್ನು ಕೇಳಿ.

ಕಿರುದಾರಿ: ಮೇಡಂ, ಅಣ್ಣ ಕೆಲಸದ ಮೇಲೆ ಘಾನಾಕ್ಕೆ ಹೋಗಿ ಬಂದು ಮೂರು ವಾರ ಆಯ್ತು. ನಾಲ್ಕು ದಿನದಿಂದ ಜ್ವರ, ಬರುತ್ತೆ, ಹೋಗುತ್ತೆ. ಚಳಿ, ತಲೆನೋವು, ನಿನ್ನೆ ಎರಡು ಸಲ ವಾಂತಿ. ಫ್ಲೂ ಇರಬೇಕು ಅಂತ ಪ್ಯಾರಾಸಿಟಮಾಲ್ ಕೊಡ್ತಿದ್ದೇವೆ. ಯಾರೋ ಎಲೆ ರಸ ಕುಡಿಸಿ ಅಂದ್ರು. ಕುಡಿಸಬಹುದಾ?

ಡಾಕ್ಟರ್: ಉಳಿದವರು ಸ್ವಲ್ಪ ಕಾಯಿರಿ. ಮಲೇರಿಯಾ ಮಾತ್ರೆ ತಗೊಂಡಿದ್ದರಾ? ಯಾವುದು? ವಾಪಸ್ ಬಂದ ಮೇಲೆ ಎಷ್ಟು ದಿನ ಮುಂದುವರಿಸಿದರು? ಮೂತ್ರದ ಬಣ್ಣ ಹೇಗಿದೆ? ಮಾತು ತಡವರಿಸುತ್ತಾ?

ಕಿರುದಾರಿ: ಡಾಕ್ಸಿಸೈಕ್ಲಿನ್. ಅಲ್ಲಿದ್ದಷ್ಟು ದಿನ ತಪ್ಪದೆ ತಗೊಂಡಿದ್ದಾನೆ. ಮನೆಗೆ ಬಂದ ಮರುದಿನ ನಿಲ್ಲಿಸಿದ, ಇನ್ನೇನು ಸೊಳ್ಳೆ ಅಂತ. ಮೂತ್ರ ಇವತ್ತು ಹಾಲು ಹಾಕದ ಟೀ ಥರ ಇದೆ. ಮಾತು ಸರಿ ಇದೆ, ಆದರೆ ಎದ್ದು ಕೂರಲು ಆಗ್ತಿಲ್ಲ.

ಡಾಕ್ಟರ್: ಈಗಲೇ ಕರೆದುಕೊಂಡು ಹೋಗಿ. ಬೆಳಿಗ್ಗೆ ನೋಡೋಣ ಅನ್ನಬೇಡಿ. ಲ್ಯಾಬ್ ಮತ್ತು ಐಸಿಯು ಇರುವ ಆಸ್ಪತ್ರೆಗೆ ಹೋಗಿ. ಒಳಗೆ ಕಾಲಿಟ್ಟ ತಕ್ಷಣ "ಘಾನಾದಿಂದ ಬಂದಿದ್ದಾನೆ, ಜ್ವರ, ಮಲೇರಿಯಾ ಟೆಸ್ಟ್ ಮಾಡಿ" ಅಂತ ಹೇಳಿ. ಅವರಾಗಿ ಕೇಳಲಿ ಅಂತ ಕಾಯಬೇಡಿ. ಎಲ್ಲಿಗೆ ಹೋಗಿದ್ದರು ಅಂತ ಹೇಳದೇ ಇದ್ದರೆ ಎಂಥ ಒಳ್ಳೆಯ ಡಾಕ್ಟರೂ ಇದನ್ನು ಫ್ಲೂ ಅಂತ ಮನೆಗೆ ಕಳಿಸಿಬಿಡಬಹುದು.

ಯಾಕೆ ಇಷ್ಟು ಅವಸರ ಅಂತ ಎಲ್ಲರಿಗೂ ಹೇಳುತ್ತೇನೆ. ಸೊಳ್ಳೆ ಕಚ್ಚಿದ ಮೇಲೆ ಮಲೇರಿಯಾ ತರುವ ಪರಾವಲಂಬಿ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಒಂದು ವಾರವೋ ಇನ್ನೂ ಜಾಸ್ತಿ ದಿನವೋ ಸದ್ದಿಲ್ಲದೆ ಬೆಳೆದು, ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಅದನ್ನು ಹಿಡಿಯುವುದು ರಕ್ತಕ್ಕೆ ಬಂದ ಮೇಲೆಯೇ. ಅದಕ್ಕೇ ವಾಪಸ್ ಬಂದ ಮೇಲೂ 4 ವಾರ ನುಂಗಬೇಕು. ಅಟೊವಕ್ವೋನ್-ಪ್ರೊಗ್ವಾನಿಲ್ ಅನ್ನುವ ಇನ್ನೊಂದು ಮಲೇರಿಯಾ ಮಾತ್ರೆ ಯಕೃತ್ತಿನಲ್ಲೂ ಕೆಲಸ ಮಾಡುತ್ತದೆ, ಹಾಗಾಗಿ ಅದು 7 ದಿನ ಸಾಕು. ಕೊನೆಯ ದಿನ ಕಚ್ಚಿದ ಸೊಳ್ಳೆಗೆ ನೀವು ಮನೆಗೆ ಬಂದಿದ್ದು ಲೆಕ್ಕಕ್ಕಿಲ್ಲ.

ಘಾನಾದಲ್ಲಿ ಹೆಚ್ಚಾಗಿ ಇರುವುದು ಫಾಲ್ಸಿಪಾರಂ, ಪ್ರಾಣ ತೆಗೆಯುವ ಮಲೇರಿಯಾ. ಬೆಳಿಗ್ಗೆ ಮಾತಾಡುತ್ತಿದ್ದವರು ರಾತ್ರಿಗೆ ಪ್ರಜ್ಞೆ ತಪ್ಪಬಹುದು. ಮೂತ್ರ ಕಪ್ಪಾಗಿದೆ ಅಂದರೆ ಕೆಂಪು ರಕ್ತಕಣ ಒಡೆಯುತ್ತಿರಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತಿರಬಹುದು. ಪ್ಯಾರಾಸಿಟಮಾಲ್‌ಗೆ ಜ್ವರ ಇಳಿಯಿತು ಅಂತ ಸಮಾಧಾನ ಬೇಡ. ಡೆಂಗ್ಯೂ ಅಲ್ಲ ಅಂತ ಗೊತ್ತಾಗುವವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ. ಎಲೆ ರಸ ಬೇಡ. ವಾಂತಿ ಆಗುತ್ತಿರುವವರ ಬಾಯಿಗೆ ಅದನ್ನು ಸುರಿದು ಇನ್ನೊಂದು ರಾತ್ರಿ ಕಳೆಯಬೇಡಿ. ಹೊರಟ ಮೇಲೆ ಒಂದು ಸಾಲು ಬರೆಯಿರಿ.

ಕಿರುದಾರಿ: ಹೊರಟೆವು ಮೇಡಂ.

ಹಳೇ ಪಾಸ್‌ಪೋರ್ಟ್: ಸುಮ್ನೆ ಹೆದರಿಸ್ತೀರಲ್ಲ ಮೇಡಂ. ನಾನು ಎಷ್ಟೋ ವರ್ಷದಿಂದ ಆಫ್ರಿಕಾ ಓಡಾಡಿದ್ದೇನೆ. ಒಂದು ಮಾತ್ರೆ ನುಂಗಿಲ್ಲ, ಏನೂ ಆಗಿಲ್ಲ.

ಎರಡು ಚಕ್ರ: ನಿಮಗೆ ಆಗಲಿಲ್ಲ, ಒಳ್ಳೆಯದಾಯ್ತು. ನಿಮ್ಮ ಅದೃಷ್ಟವನ್ನ ಬೇರೆಯವರಿಗೆ ಔಷಧ ಅಂತ ಹಂಚಬೇಡಿ ಸ್ವಾಮಿ.

ಹಳೇ ಪಾಸ್‌ಪೋರ್ಟ್: ವಯಸ್ಸಿಗೆ ಮರ್ಯಾದೆ ಕೊಟ್ಟು ಮಾತಾಡಿ. ಬೆಳ್ಳುಳ್ಳಿಯಿಂದ ಯಾರಾದ್ರೂ ಸತ್ತಿದ್ದಾರಾ?

ಎರಡು ಚಕ್ರ: ಬೆಳ್ಳುಳ್ಳಿ ನಂಬಿ ಮಾತ್ರೆ ಬಿಟ್ಟವರ ಬಗ್ಗೆ ಮಾತು ನಡೀತಿರೋದು.

ಕಿಟಕಿ ಸೀಟು: ಮಾತ್ರೆಗೂ ಅಡ್ಡಪರಿಣಾಮ ಇದೆ ಅಲ್ವಾ? ಅದನ್ನ ಯಾರೂ ಹೇಳಲ್ಲ.

ಡಾಕ್ಟರ್: ಇದೆ. ಡಾಕ್ಸಿಸೈಕ್ಲಿನ್ ತಗೊಂಡರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ನೀರು ಸಾಲದೆ ನುಂಗಿ ಮಲಗಿದರೆ ಎದೆಯುರಿ. ಮೆಫ್ಲೋಕ್ವಿನ್ ಅಂತ ಇನ್ನೊಂದು ಮಲೇರಿಯಾ ಮಾತ್ರೆ ಇದೆ, ಅದು ಮನಸ್ಸಿನ ಕಾಯಿಲೆ, ಫಿಟ್ಸ್ ಇದ್ದವರಿಗೆ ಆಗುವುದಿಲ್ಲ. ಯಾರಿಗೆ ಯಾವುದು ಅಂತ ಆರಿಸುವುದಕ್ಕೇ ಡಾಕ್ಟರ ಹತ್ತಿರ ಹೋಗಬೇಕಾದ್ದು. ಅಡ್ಡಪರಿಣಾಮ ಇದೆ ಅಂತ ಮಾತ್ರೆಯನ್ನೇ ಬಿಡಲು ಅಲ್ಲ.

ಬಿಸಿನೀರು: ಭೇದಿ ಆಗದ ಹಾಗೆ ಮುಂಚೆಯೇ ದಿನಕ್ಕೊಂದು ಆಂಟಿಬಯಾಟಿಕ್ ತಗೊಂಡರೆ ಹೇಗೆ?

ಡಾಕ್ಟರ್: ಬೇಡ. ಭೇದಿ ಆದರೆ ಓಆರ್‌ಎಸ್, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ. ರಕ್ತ ಅಥವಾ ಜೋರು ಜ್ವರ ಇದ್ದರೆ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ನುಂಗದೆ ಡಾಕ್ಟರನ್ನು ಕಾಣಿ.

ಎರಡನೇ ಮಹಡಿ: ಬಾಲಿಯಲ್ಲಿದ್ದೇವೆ. ಇವತ್ತು ಮಧ್ಯಾಹ್ನ ಕೋತಿ ಮಗನ ಕೈ ಪರಚಿತು, ಸ್ವಲ್ಪ ರಕ್ತ ಬಂತು. ಅರಿಶಿನ ಹಚ್ಚಿದ್ದೇನೆ. ಮನೆಗೆ ಹೋದ ಮೇಲೆ ಇಂಜೆಕ್ಷನ್ ಹಾಕಿಸಿದರೆ ಆಗುತ್ತಾ?

ಡಾಕ್ಟರ್: ಆಗುವುದಿಲ್ಲ. ಅರಿಶಿನ ತೊಳೆದು ತೆಗೆಯಿರಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಇವತ್ತೇ ಅಲ್ಲಿಯ ಕ್ಲಿನಿಕ್ಕಿಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿ. ರಕ್ತ ಬಂದಿದೆ, ಹಾಗಾಗಿ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸುವ ಔಷಧ ಇಲ್ಲ. ಉಳಿದ ಡೋಸ್ ಮನೆಗೆ ಬಂದು ಮುಗಿಸಬಹುದು, ಚೀಟಿ ತನ್ನಿ.

ನೆರಳು: ಮೇಡಂ, ಮೆಲಟೋನಿನ್?

ಹಸಿರು ಬ್ಯಾಗ್: ವಿಮಾನ ಹತ್ತುವ ಮುಂಚೆ ಆಸ್ಪಿರಿನ್ ತಗೊಂಡರೆ ಒಳ್ಳೆಯದು ಅಂತಾರಲ್ಲ?

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ಹಳೇ ಪಾಸ್‌ಪೋರ್ಟ್: ಪ್ರಶ್ನೆ ಕೇಳಿ ಅಂತ ಕರೆದು ಹೀಗಾ ಉತ್ತರ ಕೊಡೋದು? ಅರಿಶಿನವೂ ತಪ್ಪು, ಬೆಳ್ಳುಳ್ಳಿಯೂ ತಪ್ಪು.

ಡಾಕ್ಟರ್: ರೇಬೀಸ್ ಗಾಯಕ್ಕೆ, ಮಲೇರಿಯಾಕ್ಕೆ, ಹೌದು, ತಪ್ಪು. ಬೇಜಾರಾದರೂ ಇದನ್ನೇ ಹೇಳುತ್ತೇನೆ.

ಎರಡು ಚಕ್ರ: ನಿರ್ವಾಹಕರೇ, ಇವರನ್ನ ಸ್ವಲ್ಪ ಹೊತ್ತು ಮ್ಯೂಟ್ ಮಾಡಿ.

ನಿರ್ವಾಹಕಿ: ಇಬ್ಬರೂ ನಿಲ್ಲಿಸಿ. ಇನ್ನು ಹೊಸ ಪ್ರಶ್ನೆ ಬೇಡ.

ಕಿರುದಾರಿ: ಮೇಡಂ, ಆಸ್ಪತ್ರೆಯಲ್ಲಿದ್ದೇವೆ. ಮೊದಲ ರಕ್ತ ಪರೀಕ್ಷೆ ನೆಗೆಟಿವ್ ಬಂತು. ಮಲೇರಿಯಾ ಅಲ್ಲ ಅಂತ ಅಣ್ಣ ಮನೆಗೆ ಹೋಗೋಣ ಅಂತಿದ್ದಾನೆ.

ಡಾಕ್ಟರ್: ಹೋಗಬೇಡಿ. ಒಂದು ನೆಗೆಟಿವ್ ಸಾಲದು. ಡಾಕ್ಸಿಸೈಕ್ಲಿನ್ ತಗೊಂಡವರ ರಕ್ತದಲ್ಲಿ ಪರಾವಲಂಬಿ ಕಡಿಮೆ ಇದ್ದು, ಮೊದಲ ಸಲ ಕಣ್ಣಿಗೆ ಬೀಳದೇ ಇರಬಹುದು. 12ರಿಂದ 24 ಗಂಟೆಯ ಅಂತರದಲ್ಲಿ ಮತ್ತೆ ಮಾಡಬೇಕು, ಒಟ್ಟು ಮೂರು ಸಲವಾದರೂ. ಪ್ಲೇಟ್‌ಲೆಟ್, ಮೂತ್ರಪಿಂಡ ನೋಡುವ ಕ್ರಿಯಾಟಿನಿನ್, ಡೆಂಗ್ಯೂ ಟೆಸ್ಟ್, ಟೈಫಾಯ್ಡ್‌ಗೆ ಬ್ಲಡ್ ಕಲ್ಚರ್ ಕಳಿಸಿದ್ದಾರಾ ಕೇಳಿ. ಮೂತ್ರದ ವಿಷಯ ಮತ್ತೊಮ್ಮೆ ಹೇಳಿ. ಡ್ಯೂಟಿ ಡಾಕ್ಟರ ಕೈಗೆ ಫೋನ್ ಕೊಡಿ, ನಾನು ಮಾತಾಡುತ್ತೇನೆ.