ಸಹಾಯ ಬೇಕು: ವಿಜಯಪುರದಲ್ಲಿ ಮನೆಗೆ ಬರುವ ಫಿಸಿಯೋ ಇದ್ದಾರಾ?

ಎಲ್ಲರಿಗೂ ನಮಸ್ಕಾರ. 7 ವಾರದ ಹಿಂದೆ ಗಾಂಧಿ ಚೌಕ್ ಹತ್ತಿರ ರಸ್ತೆ ದಾಟುವಾಗ ಕಾರು ಗುದ್ದಿತು. ಬೆನ್ನಿನ ಎಲ್1 ಮೂಳೆ (ಬೆನ್ನುಮೂಳೆಯಲ್ಲಿ ಸೊಂಟದ ಭಾಗದ ಮೊದಲನೆಯದು) ಸ್ವಲ್ಪ ಕುಸಿದಿದೆ. ಆಪರೇಷನ್ ಬೇಡ, 3 ತಿಂಗಳು ಬೆಲ್ಟ್ ಹಾಕಿ ಅಂದರು ಡಾಕ್ಟರ್. ಕಾಲಲ್ಲಿ ಜೋಮು ಇಲ್ಲ, ಅದೇ ಪುಣ್ಯ.

ಈಗ ನಿಧಾನವಾಗಿ ನಡೆಯುತ್ತೇನೆ. ಆದರೆ 10 ನಿಮಿಷ ಕುಳಿತರೆ ಸಾಕು, ಬೆನ್ನು ಕಲ್ಲಾಗುತ್ತದೆ. ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದಂತೂ ನಿಂತೇಹೋಗಿದೆ. ವ್ಯಾಯಾಮ ಶುರು ಮಾಡಲು ಹೇಳಿದ್ದಾರೆ, ಆದರೆ ಆಟೋದಲ್ಲಿ ಹೋಗಿಬರುವಷ್ಟರಲ್ಲಿ ನೋವು ಜಾಸ್ತಿ ಆಗುತ್ತದೆ. ನಮ್ಮ ರಸ್ತೆಗಳು ಗೊತ್ತಲ್ವಾ!

ಜಲನಗರದ ಕಡೆ ಮನೆಗೆ ಬರುವ ಫಿಸಿಯೋ ಗೊತ್ತಿದ್ದರೆ ತಿಳಿಸಿ, ಒಂದು ಸಲಕ್ಕೆ ಎಷ್ಟು ಅಂತಲೂ ಹೇಳಿ. ಎಣ್ಣೆ ಹಚ್ಚಿ ತಿಕ್ಕಿಸು ಅಂತ ಓಣಿಯವರೆಲ್ಲ ಹೇಳಿ ಆಗಿದೆ. ಆದರೆ ಅದು ಬೇಡವೇ ಬೇಡ ಅಂದಿದ್ದಾರೆ ಡಾಕ್ಟರ್. ಇಂಥದೇ ಪೆಟ್ಟು ತಿಂದವರು ಎಷ್ಟು ದಿನಕ್ಕೆ ಕೆಲಸಕ್ಕೆ ಹೋದಿರಿ?